ಹೆಡ್‌ಮಾಸ್ಟರರು ಕೇಳಿದ ‘ಸಣ್ಣ ಸಿಪಿಯು’: ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಆಯ್ಕೆಯ ಒಂದು ಅನುಭವ

ಬೋಧನಾಭ್ಯಾಸಕ್ಕೆ ನನ್ನ ಪಾಲಿಗೆ ಬಂದದ್ದು ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿಗೆ ಹೋದ ಮೂರನೇ ವಾರ ಮುಖ್ಯೋಪಾಧ್ಯಾಯರು ತಮ್ಮ ಕೊಠಡಿಗೆ ಕರೆದರು. “ನೋಡಮ್ಮ, ನೀವು ಬಿ.ಎಸ್ಸಿ.ಯಲ್ಲಿ ಕಂಪ್ಯೂಟರ್ ಓದಿದ್ದೀರಂತೆ. ಹಳೇ ವಿದ್ಯಾರ್ಥಿಗಳು ಸೇರಿ 30,000 ರೂಪಾಯಿ ಕೊಟ್ಟಿದ್ದಾರೆ. ಒಂದು ಸಣ್ಣ ಸಿಪಿಯು ಮಾಡಿಸಿಕೊಡಿ. ಬೀರುವಿನಲ್ಲಿಟ್ಟು ಬೀಗ ಹಾಕೋ ಹಾಗಿರಬೇಕು” ಎಂದರು. ಒಪ್ಪಿಕೊಂಡೆ. ಇಲ್ಲ ಎನ್ನುವ ಧೈರ್ಯ ಇರಲಿಲ್ಲ ಎಂದರೆ ಹೆಚ್ಚು ನಿಜ.

ಸಿಪಿಯು ಎಂದರೆ ಅವರ ಮನಸ್ಸಿನಲ್ಲಿ ಇದ್ದದ್ದು ಇಡೀ ಡಬ್ಬಿ. ನಾವೆಲ್ಲರೂ ಹಾಗೇ ಅನ್ನುತ್ತೇವೆ. ಪುಸ್ತಕದ ಪ್ರಕಾರ ಸಿಪಿಯು ಎಂದರೆ ಅದರೊಳಗಿನ ಪ್ರೊಸೆಸರ್ ಮಾತ್ರ, ‘ಕಂಪ್ಯೂಟರಿನ ಮೆದುಳು’. ನನ್ನ ಪಾಠ ಯೋಜನೆಯಲ್ಲೂ ಅದೇ ವಾಕ್ಯ ಬರೆದಿದ್ದೆ. ಮೆದುಳು ಚೆನ್ನಾಗಿದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡು ಅಂಗಡಿಗೆ ಹೋದದ್ದೇ ನನ್ನ ತಪ್ಪಿನ ಮೂಲ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೂ ಇಂಥ ಕೆಲಸ ಬೀಳಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಯಂತ್ರ ಏನು ಕೆಲಸ ಮಾಡಬೇಕಿತ್ತು ಎಂಬುದನ್ನು ಹೇಳಬೇಕು. ಶಾಲೆಯಲ್ಲಿ ಏಳು ಹಳೆಯ ಕಂಪ್ಯೂಟರ್ ಇದ್ದವು, ಎರಡು ಮಾತ್ರ ಆನ್ ಆಗುತ್ತಿದ್ದವು. ಒಂದು ಹಳೆಯ ಪ್ರೊಜೆಕ್ಟರ್ ಇತ್ತು. ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಷನ್‌ಗಳು, ಗಣಿತಕ್ಕೆ ಜಿಯೋಜೀಬ್ರಾ, ಆಕಾಶ ತೋರಿಸಲು ಸ್ಟೆಲೇರಿಯಂ, ಒಂದಿಷ್ಟು ವಿಡಿಯೊ ಪಾಠ, ಕಚೇರಿಗೆ ಪ್ರಶ್ನೆಪತ್ರಿಕೆ ಟೈಪಿಂಗ್. ಇಷ್ಟೇ. ಆಟಗಳಿಲ್ಲ, ಸಿನಿಮಾ ಎಡಿಟಿಂಗ್ ಇಲ್ಲ. ಎಂಟನೇ ತರಗತಿಯಿಂದ ಹತ್ತನೇ ತರಗತಿಗೆ ಕೈಯಲ್ಲಿ ಎತ್ತಿಕೊಂಡು ಹೋಗುವಂತಿರಬೇಕು, ಸಂಜೆ ಬೀರುವಿಗೆ ಸೇರಬೇಕು.

ಲಿನಕ್ಸ್ ಬೇಕೆಂದದ್ದು ನಾನೇ. 30,000ದಲ್ಲಿ ವಿಂಡೋಸ್ ಪರವಾನಗಿಗೆ ಒಂದು ಪಾಲು ಹೋದರೆ ಉಳಿಯುವುದು ಕಡಿಮೆ ಎಂಬುದು ಒಂದು ಕಾರಣ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಪ್ರತಿ ವಾರ ವೈರಸ್ ತಂದು ಹಳೆಯ ಯಂತ್ರಗಳನ್ನು ಮಲಗಿಸುತ್ತಿತ್ತು ಎಂಬುದು ಇನ್ನೊಂದು. ಆ ವೈರಸ್‌ಗಳು ವಿಂಡೋಸ್‌ಗೆ ಬರೆದವು, ಲಿನಕ್ಸ್‌ನಲ್ಲಿ ಓಡುವುದಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ ಎಂದ ಮೇಲೆ ಹೆಡ್‌ಮಾಸ್ಟರರಿಗೂ ಸ್ವಲ್ಪ ಧೈರ್ಯ ಬಂತು.

ಒಂದು ಭಾನುವಾರಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಬೆಂಗಳೂರಿಗೆ ಬಸ್ ಹತ್ತಿ, ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಗೆ ಹೋದೆ. ಚೀಟಿಯಲ್ಲಿ ಬರೆದುಕೊಂಡದ್ದು ಇಂಟೆಲ್ ಕೋರ್ ಐ3-12100 ಪ್ರೊಸೆಸರ್, ಎಚ್610 ಚಿಪ್‌ಸೆಟ್ಟಿನ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ಪುಟ್ಟ ಕ್ಯಾಬಿನೆಟ್. ಅಂಗಡಿಯವರು ಚೀಟಿ ನೋಡಿ, “ಮೇಡಂ, 12100 ಬದಲು 12100ಎಫ್ ತಗೊಳ್ಳಿ. ಕೋರ್ ಅಷ್ಟೇ, ಸ್ಪೀಡ್ ಅಷ್ಟೇ. 2,500 ಕಮ್ಮಿ ಆಗುತ್ತೆ” ಎಂದರು. ಶಾಲೆಯ ದುಡ್ಡು 2,500 ಉಳಿಸಿದೆ ಎಂಬ ಖುಷಿಯಲ್ಲಿ ಊರಿಗೆ ಬಂದೆ.

ಸೋಮವಾರ ವಿಜ್ಞಾನ ಪ್ರಯೋಗಾಲಯದ ಮೇಜಿನ ಮೇಲೆ ಎಲ್ಲ ಜೋಡಿಸಿದೆ. ಹೆಡ್‌ಮಾಸ್ಟರರು, ನನ್ನ ಮಾರ್ಗದರ್ಶಕ ಶಿಕ್ಷಕಿ, ಹತ್ತನೇ ತರಗತಿಯ ಒಂದಷ್ಟು ಮಕ್ಕಳು ಸುತ್ತ ನಿಂತಿದ್ದರು. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು. ಪರದೆ ಕಪ್ಪಾಗೇ ಉಳಿಯಿತು. ಕೇಬಲ್ ಬದಲಿಸಿದೆ, ರ್‍ಯಾಮ್ ತೆಗೆದು ಹಾಕಿದೆ, ಇನ್ನೊಂದು ಮಾನಿಟರ್ ತಂದೆ. ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋದರು. ಹೆಡ್‌ಮಾಸ್ಟರರು ಬೈಯಲಿಲ್ಲ. “ಊಟ ಮಾಡಿ ಆಮೇಲೆ ನೋಡಿಯಮ್ಮ” ಎಂದರು. ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಕಾರಣ ಆ ‘ಎಫ್’ ಅಕ್ಷರ. ಇಂದಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರಿನ ಒಂದೇ ಚಿಪ್ಪಿನಲ್ಲಿ ಎರಡು ಬಗೆಯ ಕೆಲಸಗಾರರಿರುತ್ತಾರೆ. ಲೆಕ್ಕ ಮಾಡುವ ಕೋರ್‌ಗಳು ಒಂದು ಕಡೆ, ಪರದೆಯ ಮೇಲಿನ ಚಿತ್ರ ರಚಿಸುವ ಗ್ರಾಫಿಕ್ಸ್ ಭಾಗ ಇನ್ನೊಂದು ಕಡೆ. ಮದರ್‌ಬೋರ್ಡಿನ ಹಿಂದೆ ಕಾಣುವ ಎಚ್‌ಡಿಎಂಐ, ವಿಜಿಎ ಕಿಂಡಿಗಳು ಬೋರ್ಡಿನಲ್ಲಿ ಚಿತ್ರ ಹುಟ್ಟಿಸುವುದಿಲ್ಲ. ಪ್ರೊಸೆಸರಿನ ಗ್ರಾಫಿಕ್ಸ್ ಭಾಗದಿಂದ ಬಂದದ್ದನ್ನು ಹೊರಗೆ ಕಳಿಸುತ್ತವೆ, ಅಷ್ಟೆ. ಇಂಟೆಲ್‌ನ ‘ಎಫ್’ ಮಾದರಿಗಳಲ್ಲಿ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಅದು ಲಾಭದ ಖರೀದಿ. ನಮ್ಮ ಪುಟ್ಟ ಡಬ್ಬಿಯಲ್ಲಿ ಕಾರ್ಡಿಗೆ ಜಾಗವೂ ಇಲ್ಲ, ಅದಕ್ಕೆ ಬೇಕಾದಷ್ಟು ವಿದ್ಯುತ್ ಕೊಡುವ ಪವರ್ ಸಪ್ಲೈಯೂ ಇಲ್ಲ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಕಾರ್ಡ್ ಹಾಕುತ್ತೀರಾ ಎಂದು ಅವರು ಕೇಳಲಿಲ್ಲ, ಹಾಕುವುದಿಲ್ಲ ಎಂದು ನಾನೂ ಹೇಳಲಿಲ್ಲ.

ಮರುದಿನ ತರಗತಿಯಲ್ಲಿ ಒಬ್ಬ ಹುಡುಗಿ, “ಮಿಸ್, ಮೆದುಳು ಹೊಸದು ಅಂದ್ರಿ. ಮತ್ತೆ ಯಾಕೆ ಏನೂ ಕಾಣಲಿಲ್ಲ?” ಎಂದಳು. ಪಾಠ ಯೋಜನೆಯಿಂದ ಆ ವಾಕ್ಯವನ್ನು ಹೊಡೆದುಹಾಕಿದೆ. ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಿದ್ದೇ ನಾಲ್ಕು ಹೋಲಿಕೆಗಳಿಗಿಂತ ಚೆನ್ನಾಗಿ ಅರ್ಥವಾಯಿತು.

ಹೆಸರಿನ ಅಕ್ಷರಗಳನ್ನು ಓದುವುದು ಕಷ್ಟವೇನಲ್ಲ, ಯಾರಾದರೂ ಹೇಳಿಕೊಡಬೇಕು. 12100ರಲ್ಲಿ ಮೊದಲ 12 ತಲೆಮಾರು. ಕೊನೆಯಲ್ಲಿ ಅಕ್ಷರವಿಲ್ಲದಿದ್ದರೆ ಸಾಮಾನ್ಯ ಮಾದರಿ, ಗ್ರಾಫಿಕ್ಸ್ ಇರುತ್ತದೆ. ‘ಟಿ’ ಎಂದರೆ ಕಡಿಮೆ ವಿದ್ಯುತ್ತಿನದು, ‘ಕೆ’ ಎಂದರೆ ವೇಗ ಹೆಚ್ಚಿಸಿಕೊಳ್ಳಲು ಬಿಡುವಂಥದ್ದು. ಎಎಂಡಿಯವರದು ತಿರುವುಮುರುವು. ಎಎಂ4 ಸಾಕೆಟ್ಟಿನ ರೈಜನ್‌ಗಳಲ್ಲಿ ‘ಜಿ’ ಇದ್ದರೆ ಗ್ರಾಫಿಕ್ಸ್ ಇದೆ, ಏನೂ ಇಲ್ಲದಿದ್ದರೆ ಇಲ್ಲ. ಹಾಗಾಗಿ ರೈಜನ್ 5 5600ಜಿ ನಮಗೆ ಆಗುತ್ತದೆ, ಬರಿಯ 5600 ಆಗುವುದಿಲ್ಲ. ಒಂದು ಕಂಪನಿಯಲ್ಲಿ ಅಕ್ಷರವಿಲ್ಲದ್ದು ಬೇಕು, ಇನ್ನೊಂದರಲ್ಲಿ ಅಕ್ಷರವಿರುವುದು ಬೇಕು.

ಈಗ ಬೋರ್ಡಿನ ವಿಷಯ. ಅದಕ್ಕೆ ನಾನು ಕೊಟ್ಟ ಗಮನ ಬಹಳ ಕಡಿಮೆ, ಕೊಡಬೇಕಾಗಿದ್ದದ್ದು ಹೆಚ್ಚು. ಚಿಕ್ಕ ಯಂತ್ರದ ಗಾತ್ರ ನಿರ್ಧಾರವಾಗುವುದೇ ಬೋರ್ಡಿನಿಂದ. ಎಟಿಎಕ್ಸ್ ಬೋರ್ಡ್ 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. ಮೈಕ್ರೋ-ಎಟಿಎಕ್ಸ್ ಎರಡೂ ಕಡೆ ಹೆಚ್ಚೆಂದರೆ 24.4. 2001ರಲ್ಲಿ ವಿಯಾ ಕಂಪನಿ ತಂದ ಮಿನಿ-ಐಟಿಎಕ್ಸ್ ಎರಡೂ ಕಡೆ 17 ಸೆಂ.ಮೀ. ಮಾತ್ರ. ಅದರಲ್ಲಿ ಹೆಚ್ಚುವರಿ ಕಾರ್ಡಿಗೆ ಒಂದೇ ಸ್ಲಾಟ್, ರ್‍ಯಾಮಿಗೆ ಸಾಮಾನ್ಯವಾಗಿ ಎರಡು. ಚಿಕ್ಕದಾದರೆ ಅಗ್ಗ ಎಂದುಕೊಂಡಿದ್ದೆ. ಹಾಗಲ್ಲ, ಅದೇ ಚಿಪ್‌ಸೆಟ್ಟಿನ ಮೈಕ್ರೋ-ಎಟಿಎಕ್ಸ್‌ಗಿಂತ ಮಿನಿ-ಐಟಿಎಕ್ಸ್ ದುಬಾರಿ. ಒಂದೇ ಜಾಗದಲ್ಲಿ ಇಡುವ ಯಂತ್ರವಾದರೆ ಮೈಕ್ರೋ-ಎಟಿಎಕ್ಸ್ ತೆಗೆದುಕೊಂಡು ಉಳಿದ ದುಡ್ಡನ್ನು ರ್‍ಯಾಮಿಗೆ ಹಾಕುವುದೇ ಜಾಣತನ. ನಮಗೆ ಬೀರುವಿನ ಅಗಲ ಅಡ್ಡಬಂತು.

ಸಾಕೆಟ್ ಹೊಂದಬೇಕು ಎಂಬುದು ಎಲ್ಲರಿಗೂ ಗೊತ್ತು. ಇಂಟೆಲ್‌ನ 12, 13 ಮತ್ತು 14ನೇ ತಲೆಮಾರಿಗೆ ಎಲ್‌ಜಿಎ 1700. ಹೆಸರಿನಲ್ಲಿರುವುದು ಸಂಪರ್ಕ ಬಿಂದುಗಳ ಸಂಖ್ಯೆ. ಇಲ್ಲಿ ಸೂಜಿಯಂಥ ಪಿನ್‌ಗಳಿರುವುದು ಬೋರ್ಡಿನಲ್ಲಿ, ಬಾಗಿದರೆ ಬೋರ್ಡ್ ಹಾಳು. ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನಲ್ಲಿ. 2022ರಲ್ಲಿ ಬಂದ ಎಎಂ5ರಲ್ಲಿ ಅವು ಮತ್ತೆ ಬೋರ್ಡಿಗೇ ಹೋದವು, ಜೊತೆಗೆ ಅಲ್ಲಿ ಡಿಡಿಆರ್5 ರ್‍ಯಾಮ್ ಮಾತ್ರ ನಡೆಯುತ್ತದೆ. ಎಚ್610 ಬೋರ್ಡ್‌ಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ.

ಆದರೆ ಸಾಕೆಟ್ ಹೊಂದಿದ ಮಾತ್ರಕ್ಕೆ ಯಂತ್ರ ಏಳುತ್ತದೆ ಎಂದಲ್ಲ. ಬೋರ್ಡಿನ ಬಯೋಸ್‌ಗೆ ಆ ಪ್ರೊಸೆಸರಿನ ಪರಿಚಯ ಇರಬೇಕು. 12ನೇ ತಲೆಮಾರಿನ ಕಾಲದಲ್ಲಿ ತಯಾರಾಗಿ ಅಂಗಡಿಯಲ್ಲಿ ಕೂತಿದ್ದ ಬೋರ್ಡಿಗೆ 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ಹಾಕಿದರೆ, ಬಯೋಸ್ ಹೊಸದಾಗುವವರೆಗೆ ಅದೇ ಕಪ್ಪು ಪರದೆ. ಹಳೆಯ ಎಎಂ4 ಬೋರ್ಡಿಗೆ 5000 ಸರಣಿಯ ರೈಜನ್ ಹಾಕಿದರೂ ಇದೇ ಕಥೆ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಹೊಸದು ಮಾಡುವ ಗುಂಡಿ ಇರುತ್ತದೆ, ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಯೋಸ್ ಯಾವ ಆವೃತ್ತಿಯದು ಎಂದು ಕೇಳಿ, ಬೇಕಾದರೆ ಅಂಗಡಿಯಲ್ಲೇ ಹೊಸದು ಮಾಡಿಸಿಕೊಂಡು ಬರಬೇಕು. ಶಿರಾದಿಂದ ಇನ್ನೊಂದು ಸಲ ಬಸ್ ಹತ್ತಿದಾಗ ಇದರ ಬೆಲೆ ತಿಳಿಯುತ್ತದೆ.

ಬೋರ್ಡಿನ ಹಿಂಭಾಗವನ್ನೂ ನೋಡಬೇಕು. ನಮ್ಮ ಪ್ರೊಜೆಕ್ಟರಿಗೆ ಇದ್ದದ್ದು ವಿಜಿಎ ಕಿಂಡಿ ಮಾತ್ರ. ಅದೃಷ್ಟಕ್ಕೆ ನಮ್ಮ ಎಚ್610 ಬೋರ್ಡಿನಲ್ಲಿ ವಿಜಿಎ ಇತ್ತು. ನೋಡಿ ಆರಿಸಿದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಲ್ಲದಿದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಪುಟ್ಟ ಉಪಕರಣ ಬೇಕು. ಬರೀ ತಂತಿ ಸಾಲದು, ಏಕೆಂದರೆ ಎಚ್‌ಡಿಎಂಐನಲ್ಲಿ ಬರುವುದು ಡಿಜಿಟಲ್ ಸಂಕೇತ, ವಿಜಿಎಗೆ ಬೇಕಾದದ್ದು ಅನಲಾಗ್. ಒಳಗೊಂದು ಪರಿವರ್ತಕ ಚಿಪ್ ಇದ್ದರೆ ಮಾತ್ರ ಚಿತ್ರ ಬರುತ್ತದೆ.

ಮಂಗಳವಾರ ಅಂಗಡಿಗೆ ಫೋನ್ ಮಾಡಿದೆ. ಪೆಟ್ಟಿಗೆ ಒಡೆದ ಪ್ರೊಸೆಸರನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಎರಡನೇ ಸಲ ಮಾಡಿದಾಗ 1,200 ರೂಪಾಯಿ ಹಿಡಿದುಕೊಂಡು ಬದಲಿಸಿಕೊಡಲು ಒಪ್ಪಿದರು. ಆ 1,200 ನಾನು ಕೊಟ್ಟೆ. ಹೆಡ್‌ಮಾಸ್ಟರರು ಶಾಲೆಯ ಲೆಕ್ಕದಲ್ಲೇ ಸೇರಿಸೋಣ ಎಂದರೂ ನನಗೆ ಮನಸ್ಸಾಗಲಿಲ್ಲ, ಕೊಟ್ಟವರಲ್ಲಿ ಒಬ್ಬರು ಅದೇ ಊರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವರು.

ಎರಡನೇ ಸಲ ಹೋದಾಗ ಕೈಯಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಉಬುಂಟು 24.04 ಅನ್ನು ಅದರಲ್ಲಿ ಹಾಕಿಕೊಂಡಿದ್ದೆ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನೇರವಾಗಿ ಲಿನಕ್ಸ್ ಓಡಿಸಿ ನೋಡಬಹುದು. ಬೋರ್ಡ್, ಹೊಸ 12100, ರ್‍ಯಾಮ್ ಮೂರನ್ನೂ ಅಂಗಡಿಯ ಗಾಜಿನ ಮೇಜಿನ ಮೇಲೇ ಜೋಡಿಸಿ, ಅವರದೇ ಮಾನಿಟರಿಗೆ ಸಿಕ್ಕಿಸಿ, ಚಿತ್ರ, ಧ್ವನಿ, ನೆಟ್‌ವರ್ಕ್ ಮೂರೂ ಬಂದ ಮೇಲೆ ಸಹಿ ಹಾಕಿದೆ. ಹದಿನೈದು ನಿಮಿಷದ ಕೆಲಸ. ಮೊದಲ ಸಲವೇ ಮಾಡಿದ್ದರೆ ಈ ಲೇಖನಕ್ಕೆ ಅರ್ಧ ವಿಷಯ ಇರುತ್ತಿರಲಿಲ್ಲ.

ಲಿನಕ್ಸ್ ಬಳಸುವವರು ಗಮನಿಸಬೇಕಾದ ಒಂದು ವಿಷಯ ಇಲ್ಲೇ ಬರುತ್ತದೆ. ವಿಂಡೋಸ್‌ನಲ್ಲಿ ಅನೇಕ ಭಾಗಗಳ ಡ್ರೈವರನ್ನು ತಯಾರಕರು ಬೇರೆಯಾಗಿ ಕೊಡುತ್ತಾರೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನ ಒಳಗೇ ಬರುತ್ತವೆ. ಹಾಗಾಗಿ ಮಾರುಕಟ್ಟೆಗೆ ನಿನ್ನೆ ಬಂದ ಪ್ರೊಸೆಸರಿಗೆ ಹಳೆಯ ಕರ್ನಲ್ ಹಾಕಿದರೆ ಗ್ರಾಫಿಕ್ಸ್ ಅಥವಾ ನೆಟ್‌ವರ್ಕ್ ತೊದಲಬಹುದು. ಉಬುಂಟು 22.04 ಮೊದಲು ಬಂದದ್ದು 5.15 ಕರ್ನಲ್‌ನೊಂದಿಗೆ, ಡೆಬಿಯನ್ 12 ಬಂದದ್ದು 6.1ರೊಂದಿಗೆ, ಉಬುಂಟು 24.04 ಬಂದದ್ದು 6.8ರೊಂದಿಗೆ. ಯಂತ್ರಾಂಶ ವಿತರಣೆಗಿಂತ ಒಂದೆರಡು ವರ್ಷ ಹಳೆಯದಾಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಶಾಲೆಗೆ ಹೊಚ್ಚಹೊಸ ತಲೆಮಾರು ಬೇಡ ಎಂದು ನಾನು ಹೇಳುವುದು ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ಇಂಟೆಲ್ ಮತ್ತು ಎಎಂಡಿ ಎರಡರ ಒಳಗಿನ ಗ್ರಾಫಿಕ್ಸ್‌ಗೂ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇರುವುದರಿಂದ, ಆ ಮಟ್ಟಿಗೆ ಯಾವುದನ್ನು ಆರಿಸಿದರೂ ನಡೆಯುತ್ತದೆ.

ವೈಫೈ ಮಾತ್ರ ಕಾಡಿತು. ಶಾಲೆಗೆ ಇಂಟರ್‌ನೆಟ್ ಎಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ನಮ್ಮ ಬೋರ್ಡಿನಲ್ಲಿ ವೈಫೈ ಇರಲಿಲ್ಲ. ಒಂದು ಅಗ್ಗದ ಯುಎಸ್‌ಬಿ ವೈಫೈ ಕಡ್ಡಿ ತಂದೆ. ಅದರ ಡ್ರೈವರ್ ಕರ್ನಲ್‌ನಲ್ಲಿ ಇರಲಿಲ್ಲ, ಹೊರಗಿನಿಂದ ತಂದು ಕಂಪೈಲ್ ಮಾಡಬೇಕಾಯಿತು, ಕರ್ನಲ್ ಅಪ್‌ಡೇಟ್ ಆದ ವಾರ ಮತ್ತೆ ಕೈಕೊಟ್ಟಿತು. ಕೊನೆಗೆ ಫೋನನ್ನೇ ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಇಂಟರ್‌ನೆಟ್ ಹಂಚಿಕೊಂಡೆವು, ಅದು ಏನೂ ತಕರಾರಿಲ್ಲದೆ ನಡೆಯುತ್ತಿದೆ. ಬೋರ್ಡಿನಲ್ಲಿ ವೈಫೈ ಕಾರ್ಡಿನ ಸ್ಲಾಟ್ ಇದ್ದರೆ ಅದಕ್ಕೆ ಕಾರ್ಡ್ ಹಾಕುವುದು ಇನ್ನೂ ಒಳ್ಳೆಯದು. ಇಲ್ಲೂ ಒಂದು ಅಂಕಿಯ ಆಟವಿದೆ. ಇಂಟೆಲ್‌ನ ಎಎಕ್ಸ್210 ಕಾರ್ಡ್ ಎಎಂಡಿ ಬೋರ್ಡಿನಲ್ಲೂ ನಡೆಯುತ್ತದೆ. ಎಎಕ್ಸ್211 ನಡೆಯುವುದಿಲ್ಲ, ಏಕೆಂದರೆ ಅದರ ಅರ್ಧ ಕೆಲಸವನ್ನು ಮಾಡುವ ಭಾಗ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್‌ನ ಒಳಗಿರುತ್ತದೆ.

ಈ ಯಂತ್ರವನ್ನು ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠಕ್ಕೂ ಬಳಸಿದೆ. ಪ್ರೊಸೆಸರ್ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯನ್ನು ಮಕ್ಕಳು ಬಲ್ಬಿನ ಮೇಲಿನ ಸಂಖ್ಯೆಯಂತೆಯೇ ಓದುತ್ತಾರೆ. ಅದು ಹಾಗಲ್ಲ. 12100ಕ್ಕೆ 60 ವ್ಯಾಟ್ ಎಂದರೆ ನಿರಂತರ ಪೂರ್ಣ ಕೆಲಸದಲ್ಲಿ ತೆಗೆದುಹಾಕಬೇಕಾದ ಶಾಖದ ಅಂದಾಜು, ಸ್ವಲ್ಪ ಹೊತ್ತು 89ರವರೆಗೂ ಹೋಗಬಹುದು. ಸುಮ್ಮನಿದ್ದಾಗ ಅದರ ಒಂದಂಶವೂ ಬೇಡ. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್‌ಮೀಟರ್ ತಂದು ಅಳೆದೆವು. ಹಳೆಯ ಯಂತ್ರ ಮಾನಿಟರ್ ಬಿಟ್ಟು 75 ವ್ಯಾಟ್. ಹೊಸದು ಜಿಯೋಜೀಬ್ರಾ ಓಡುವಾಗ 30ರ ಆಸುಪಾಸು. ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್ ಗಂಟೆ, ಅಂದರೆ ಲೆಕ್ಕದಲ್ಲಿ 1,800 ವ್ಯಾಟ್ ಗಂಟೆ. ಕರೆಂಟು ಹೋದಾಗ ಎಷ್ಟು ಹೊತ್ತು ಹೆಚ್ಚು ಪಾಠ ಮಾಡಬಹುದು ಎಂದು ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆಯತೊಡಗಿದೆ. ಹಿಂದಿನ ಬೆಂಚಿನ ಹುಡುಗ ಕೈಯೆತ್ತಿ, “ಮಿಸ್, ಪ್ರೊಜೆಕ್ಟರ್ ಲೆಕ್ಕ ಬಿಟ್ಟುಬಿಟ್ರಿ” ಎಂದ. ಪ್ರೊಜೆಕ್ಟರಿನ ಬೆನ್ನಿಗೆ 280 ವ್ಯಾಟ್ ಎಂದು ಬರೆದಿತ್ತು. ಅಂದಿನ ಪಾಠದ ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕ ಶಿಕ್ಷಕಿ ಆ ಹುಡುಗನ ಪ್ರಶ್ನೆಗೆ ಅಡಿಗೆರೆ ಎಳೆದಿದ್ದರು.

ಆ ಪ್ರಶ್ನೆ ಮುಂದೆ ಉಪಯೋಗಕ್ಕೆ ಬಂತು. ನನ್ನ ಸಹಪಾಠಿಯೊಬ್ಬಳ ಶಾಲೆಗೂ ಇಂಥದ್ದೇ ಯಂತ್ರ ಬೇಕಾಯಿತು. ಅವಳಿಗೆ ನಾನು ಹೇಳಿದ್ದು ಇಂಟೆಲ್ ಎನ್100 ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿ ಕೊಡುವ ಮಿನಿ-ಐಟಿಎಕ್ಸ್ ಬೋರ್ಡ್. 2023ರಲ್ಲಿ ಬಂದ ಈ ಚಿಪ್ಪಿನಲ್ಲಿ ನಾಲ್ಕು ಸಣ್ಣ ಕೋರ್‌ಗಳು, ಹೆಸರಿಗೆ 6 ವ್ಯಾಟ್, ಒಳಗೇ ಗ್ರಾಫಿಕ್ಸ್. ಸಾಕೆಟ್ ಹೊಂದುತ್ತದೋ ಇಲ್ಲವೋ, ‘ಎಫ್’ ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳೇ ಏಳುವುದಿಲ್ಲ. ಎರಡು ಬೇರೆ ಬೇರೆ ಕೊಳ್ಳುವುದಕ್ಕಿಂತ ಅಗ್ಗ. ಫ್ಯಾನ್ ಇಲ್ಲದ ಬೋರ್ಡ್‌ಗಳೂ ಸಿಗುತ್ತವೆ, ನಮ್ಮ ಬಯಲುಸೀಮೆಯ ಧೂಳಿಗೆ ಅದು ದೊಡ್ಡ ಅನುಕೂಲ.

ಅವಳ ಯಂತ್ರವನ್ನು ಅದೇ ಮೀಟರಿನಲ್ಲಿ ಅಳೆದಾಗ 12 ವ್ಯಾಟ್ ಬಂತು. ನಮ್ಮದಕ್ಕಿಂತ 18 ಕಡಿಮೆ. ಪ್ರೊಜೆಕ್ಟರ್ ಸೇರಿಸಿ ನೋಡಿದರೆ 310ರ ಜಾಗದಲ್ಲಿ 292, ಉಳಿತಾಯ ನೂರಕ್ಕೆ ಆರೂ ಇಲ್ಲ. ಕಚೇರಿಯಲ್ಲಿ 18 ವ್ಯಾಟಿನ ಮಾನಿಟರ್ ಜೊತೆಗೆ 48ರ ಬದಲು 30, ನೂರಕ್ಕೆ 37ಕ್ಕೂ ಹೆಚ್ಚು. ಅಂದರೆ ತರಗತಿಯ ಇನ್ವರ್ಟರನ್ನು ಎನ್100 ಕಾಪಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ, ಕಚೇರಿಯದಕ್ಕಾದರೆ ನಂಬಬಹುದು.

ಅದಕ್ಕೂ ಮಿತಿಗಳಿವೆ. ರ್‍ಯಾಮಿಗೆ ಒಂದೇ ಚಾನೆಲ್, ಸಾಮಾನ್ಯವಾಗಿ ಒಂದೇ ಸ್ಲಾಟ್. ಸ್ಟೆಲೇರಿಯಂ ನಡೆಯುತ್ತದೆ, ಜೊತೆಗೆ ಬ್ರೌಸರಿನಲ್ಲಿ ಹತ್ತು ಪುಟ ತೆರೆದರೆ ಏದುಸಿರು ಬಿಡುತ್ತದೆ. ಪ್ರೊಸೆಸರ್ ಕೆಟ್ಟರೆ ಬೋರ್ಡೂ ಹೋಯಿತು, ಬೋರ್ಡ್ ಕೆಟ್ಟರೆ ಪ್ರೊಸೆಸರೂ ಹೋಯಿತು. ನನ್ನ ತಪ್ಪು 1,200ಕ್ಕೆ ಮುಗಿದದ್ದು ಸಾಕೆಟ್ ಇದ್ದದ್ದರಿಂದ ಎಂಬುದನ್ನೂ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, “ನಿನ್ನ ತಪ್ಪು ಸಾಕೆಟ್ ಇದ್ದದ್ದರಿಂದಲೇ ಆದದ್ದು ಕಣೇ” ಎಂದಳು. ಎನ್100ನ್ನೇ ಕೊಂಡಳು.

ನಮ್ಮ ಶಾಲೆಯ ಯಂತ್ರ ಈಗ ಬೀರುವಿನ ಎರಡನೇ ಅಂಕಣದಲ್ಲಿದೆ. ಹಳೆಯ ಪ್ರಶ್ನೆಪತ್ರಿಕೆಗಳು ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಇದ್ದುದರಿಂದ ಅರ್ಥವಾಗದ ಅಕ್ಷರಗಳಾಗಿ ತೆರೆದುಕೊಳ್ಳುತ್ತಿದ್ದವು. ಅವನ್ನು ಪರಿವರ್ತಿಸುವುದರಲ್ಲಿ ನನ್ನ ಕೊನೆಯ ವಾರ ಕಳೆಯಿತು, ಅದು ಬೇರೆಯೇ ಲೇಖನ. ಹೊರಡುವ ಮುಂಚೆ ಪ್ರೊಸೆಸರ್, ಬೋರ್ಡ್, ಬಯೋಸ್ ಆವೃತ್ತಿ, ರ್‍ಯಾಮಿನ ಬಗೆ, ಗ್ಯಾರಂಟಿ ಮುಗಿಯುವ ದಿನ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಬಿಲ್ಲಿನ ಜೆರಾಕ್ಸ್ ಜೊತೆ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದೆ. ಹೆಡ್‌ಮಾಸ್ಟರರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಹಾಗಾದ್ರೆ ಸಿಪಿಯು ಅಂದ್ರೆ ಒಳಗಿರೋದು ಮಾತ್ರ. ಮತ್ತೆ ಈ ಡಬ್ಬಿಗೆ ಏನಮ್ಮ ಅನ್ನಬೇಕು?” ಎಂದು ಕೇಳಿದರು. ನಾನು ಕ್ಯಾಬಿನೆಟ್ ಎಂದೆ. ಅವರು ಹಾಳೆಯ ತಲೆಯ ಮೇಲೆ ಪೆನ್ನಿನಿಂದ ‘ಸಣ್ಣ ಸಿಪಿಯು’ ಎಂದೇ ಬರೆದು ಬೀಗ ಹಾಕಿದರು.